ಮೂರು ಏರು, ಎರಡು ಇಳಿಜಾರು: ಘಟ್ಟದ ಸೈಕಲ್ ಪಂದ್ಯದಲ್ಲಿ ಕಲಿತದ್ದು

(ಬಳಗದ ವಾರ್ಷಿಕ ಸಭೆಯಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಮಣ್ಣು ಮತ್ತು ನೀರಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಂಘಟಕರು ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ನಮ್ಮೂರಿನ ಘಟ್ಟದ ರಸ್ತೆಯನ್ನು ಅಗಲಗೊಳಿಸುವ ಪ್ರಸ್ತಾವ ಬಂದ ಮೇಲೆ ಊರಿನಲ್ಲಿ ಎರಡು ಅಭಿಪ್ರಾಯಗಳಾಗಿರುವುದು ನಿಮಗೆಲ್ಲ ತಿಳಿದೇ ಇದೆ. ಆ ವಿಷಯಕ್ಕೆ ಬರುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಸೈಕಲ್ ಪಂದ್ಯದ ಕತೆಯನ್ನು ಹೇಳಲು ಅಪ್ಪಣೆ ಕೇಳುತ್ತೇನೆ. ಆ ಐದು ದಿನಗಳಲ್ಲಿ ನನ್ನ ಅಭಿಪ್ರಾಯ ಬದಲಾಯಿತು. ಹೇಗೆ ಬದಲಾಯಿತೆಂಬುದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಪಂದ್ಯದಲ್ಲಿ ನಾನು ಕೊನೆಯವನಾಗಿ ಬಂದೆನೆಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಗೆದ್ದವರ ಮಾತು ಕೇಳಬಹುದೆಂದು ಬಂದವರಿಗೆ ನಿರಾಸೆಯಾಗಬಾರದು.

ಬೆಂಗಳೂರಿನ ಸೈಕಲ್ ಆಸಕ್ತರು 2008ರಲ್ಲಿ ಆರಂಭಿಸಿದ ‘ಟೂರ್ ಆಫ್ ನೀಲಗಿರೀಸ್’ ಎಂಬ ಬಹುದಿನಗಳ ಸವಾರಿಯ ಬಗ್ಗೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ದಿನಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಘಟ್ಟಗಳನ್ನು ಹತ್ತಿಳಿಯುವ ಆ ಸವಾರಿಯ ಫೋಟೋಗಳನ್ನು ನೋಡಿ ನಮ್ಮ ಐವರಿಗೂ ಆಸೆ ಹುಟ್ಟಿತು. ಆದರೆ ಅಲ್ಲಿಗೆ ಹೋಗಿ ಸ್ಪರ್ಧಿಸುವ ಸೈಕಲ್ಲೂ ನಮ್ಮಲ್ಲಿರಲಿಲ್ಲ, ಸಾಮರ್ಥ್ಯವೂ ಇರಲಿಲ್ಲ. ಹಾಗಾಗಿ ನಮ್ಮದೇ ಘಟ್ಟಗಳಲ್ಲಿ ನಮ್ಮದೇ ಪಂದ್ಯವೊಂದನ್ನು ನಡೆಸಲು ನಿಶ್ಚಯಿಸಿದೆವು. ಒಬ್ಬರು ವ್ಯಾಯಾಮ ಶಿಕ್ಷಕರು, ಒಬ್ಬರು ಅಂಚೆ ಇಲಾಖೆಯವರು, ಒಬ್ಬರು ಅರವತ್ತು ದಾಟಿದ ಅಡಿಕೆ ಬೆಳೆಗಾರರು, ಒಬ್ಬ ಪದವಿ ವಿದ್ಯಾರ್ಥಿ, ಐದನೆಯವನು ನಾನು. ಬಟ್ಟೆಬರೆ, ಬಿಡಿಭಾಗಗಳನ್ನು ಹೊತ್ತ ಒಂದು ಹಳೆಯ ಜೀಪು ನಮ್ಮ ಹಿಂದೆ ಬರುತ್ತಿತ್ತು.

2025ರ ಜನವರಿಯ ಐದು ದಿನಗಳು. ಮೊದಲ ದಿನ ಕುಂದಾಪುರದಿಂದ ಹೊರಟು ಬಾಳೆಬರೆ ಘಾಟಿ ಹತ್ತಿ ತೀರ್ಥಹಳ್ಳಿ. ಎರಡನೆಯ ದಿನ ಆಗುಂಬೆ ಘಾಟಿ ಇಳಿದು ಹೆಬ್ರಿಯ ಮೂಲಕ ಕಾರ್ಕಳ. ಮೂರನೆಯ ದಿನ ಮಾಳದ ಏರು ಹತ್ತಿ ಕುದುರೆಮುಖದ ಹಾದಿಯಾಗಿ ಕಳಸ. ನಾಲ್ಕನೆಯ ದಿನ ಕೊಟ್ಟಿಗೆಹಾರ ಮುಟ್ಟಿ, ಚಾರ್ಮಾಡಿ ಇಳಿದು ಧರ್ಮಸ್ಥಳ. ಕೊನೆಯ ದಿನ ಸುಬ್ರಹ್ಮಣ್ಯದ ಮೇಲೆ ಬಿಸಿಲೆ ಘಾಟಿ ಹತ್ತಿ ಸಕಲೇಶಪುರ. ಒಟ್ಟು 400 ಕಿಲೋಮೀಟರಿಗೂ ಹೆಚ್ಚು. ಮೂರು ಏರು, ಎರಡು ಇಳಿಜಾರು.

ನಿಯಮಗಳು ಮೂರೇ. ಗಡಿಯಾರ ನೋಡುವುದು ಏರಿನಲ್ಲಿ ಮಾತ್ರ, ಇಳಿಜಾರಿನಲ್ಲಿ ಪಂದ್ಯವಿಲ್ಲ. ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಎಲ್ಲರೂ ಒಟ್ಟಿಗೆ, ಸದ್ದಿಲ್ಲದೆ ಸಾಗಬೇಕು. ಕೈಯಲ್ಲಿ ಹೊತ್ತೊಯ್ದ ಯಾವ ಪ್ಲಾಸ್ಟಿಕ್ಕೂ ಘಟ್ಟದಲ್ಲಿ ಉಳಿಯಬಾರದು. ಮೂರೂ ಏರುಗಳ ಸಮಯವನ್ನು ಕೂಡಿಸಿದಾಗ ಯಾರದು ಕಡಮೆಯೋ ಅವರು ಗೆದ್ದಂತೆ.

ಮೊದಲ ದಿನದ ತಪ್ಪು

ಬೆಳಗಿನ ಐದೂವರೆಗೆ ಕುಂದಾಪುರ ಬಿಟ್ಟೆವು. ಸಿದ್ದಾಪುರ ದಾಟಿ ಹೊಸಂಗಡಿ ತಲುಪುವಷ್ಟರಲ್ಲಿ ಮೈ ಕಾದು, ಉತ್ಸಾಹ ತುಂಬಿತ್ತು. ಏರು ಆರಂಭವಾದೊಡನೆ ವಿದ್ಯಾರ್ಥಿ ಮುಂದೆ ನುಗ್ಗಿದ. ನಾನು ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡೆ. ನಲವತ್ತೇಳು ವರ್ಷದ ದೇಹವು ಇಪ್ಪತ್ತರ ದೇಹದ ಬೆನ್ನು ಹತ್ತಿದರೆ ಏನಾಗುವುದೆಂದು ತಿಳಿಯಲು ಡಾಕ್ಟರೇಟ್ ಪದವಿ ಬೇಕಾಗಿರಲಿಲ್ಲ. ಆದರೂ ತಿಳಿಯಲಿಲ್ಲ. ಮೂರ್ನಾಲ್ಕು ತಿರುವು ಕಳೆಯುವಷ್ಟರಲ್ಲಿ ಉಸಿರು ಗಂಟಲಿಗೆ ಬಂದಿತು. ಇನ್ನೆರಡು ತಿರುವಿನಲ್ಲಿ ಎಡಗಾಲಿನ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಕೊಂಡಿತು. ಸೈಕಲ್ಲಿನಿಂದ ಇಳಿದವನು ನೆಟ್ಟಗೆ ನಿಲ್ಲಲಾರದೆ ರಸ್ತೆಯ ಅಂಚಿನ ಕಟ್ಟೆಯ ಮೇಲೆ ಕುಳಿತೆ.

ಅಡಿಕೆ ಬೆಳೆಗಾರರು ತಮ್ಮ ಹಳೆಯ ಸೈಕಲ್ಲಿನಲ್ಲಿ ಒಂದೇ ಲಯದಲ್ಲಿ ತುಳಿಯುತ್ತ ಬಂದರು. ನಿಲ್ಲಲಿಲ್ಲ. ಹಾದುಹೋಗುವಾಗ, “ಡಾಕ್ಟ್ರೇ, ತೋಟಕ್ಕೆ ಮಣ್ಣು ಹೊರುವವರು ಎಂದಾದರೂ ಓಡುವುದನ್ನು ಕಂಡಿದ್ದೀರಾ?” ಎಂದಷ್ಟೇ ಕೇಳಿ ಮುಂದಕ್ಕೆ ಹೋದರು.

ವಿದ್ಯಾರ್ಥಿ ಮಿತ್ರರೇ, ಏರಿಗೆ ಒಂದು ಲೆಕ್ಕವಿದೆ. ನಾನು, ನನ್ನ ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 85 ಕಿಲೋಗ್ರಾಂ ತೂಕ. ಈ ತೂಕವನ್ನು 600 ಮೀಟರು ಎತ್ತರಕ್ಕೆ ಏರಿಸಲು ಸುಮಾರು 5 ಲಕ್ಷ ಜೂಲ್ ಶಕ್ತಿ ಬೇಕು. ಸ್ನಾಯುಗಳು ತಾವು ಬಳಸಿದ ಶಕ್ತಿಯ ಕಾಲುಭಾಗವನ್ನಷ್ಟೇ ಪೆಡಲಿಗೆ ಕೊಡುತ್ತವೆ, ಉಳಿದದ್ದು ಬಿಸಿಯಾಗಿ ಕಳೆದುಹೋಗುತ್ತದೆ. ಆದುದರಿಂದ ದೇಹಕ್ಕೆ ತಗಲುವ ವೆಚ್ಚ ಸುಮಾರು 20 ಲಕ್ಷ ಜೂಲ್, ಅಂದರೆ 480 ಕಿಲೋಕ್ಯಾಲರಿ. ದಾರಿ 10 ಕಿಲೋಮೀಟರು ಇದ್ದರೂ 5 ಕಿಲೋಮೀಟರು ಇದ್ದರೂ ಎತ್ತರದ ಈ ಬೆಲೆ ಒಂದೇ. ವ್ಯತ್ಯಾಸ ಇರುವುದು ಅದನ್ನು ಕಟ್ಟುವ ರೀತಿಯಲ್ಲಿ. 10 ಕಿಲೋಮೀಟರಿನಲ್ಲಿ ಹತ್ತಿದರೆ ನೂರು ಮೀಟರಿಗೆ ಆರು ಮೀಟರು ಏರು. ಕಂತಿನಲ್ಲಿ ತೀರಿಸಿದ ಸಾಲದಂತೆ. 5 ಕಿಲೋಮೀಟರಿನಲ್ಲಿ ಹತ್ತಿದರೆ ನೂರಕ್ಕೆ ಹನ್ನೆರಡು. ಪ್ರತಿ ತುಳಿತಕ್ಕೂ ಎರಡು ಪಟ್ಟು ಒತ್ತು ಬೇಕು.

ಘಟ್ಟದ ರಸ್ತೆಗಳು ಹಾವಿನಂತೆ ಬಳುಕುವುದು ಇದಕ್ಕಾಗಿಯೇ. ಬೆಟ್ಟ ಪ್ರದೇಶದ ಹೊಸ ರಸ್ತೆಗಳು ಸಾಮಾನ್ಯವಾಗಿ ನೂರಕ್ಕೆ ಐದಾರಕ್ಕಿಂತ ಹೆಚ್ಚು ಏರಬಾರದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಹೇರ್‌ಪಿನ್ ತಿರುವಿನಲ್ಲಂತೂ ಏರು ನಲವತ್ತಕ್ಕೆ ಒಂದನ್ನು ಮೀರಬಾರದು. ಸೈಕಲ್ ಸವಾರನಿಗೆ ತಿರುವಿನಲ್ಲಿ ಒಂದು ಉಸಿರು ಸಿಕ್ಕುವುದಾದರೆ ಅದು ಈ ಕಾರಣದಿಂದ. ಬಾಳೆಬರೆಯ ಹಳೆಯ ದಾರಿ ಈ ಮಾನದಂಡಕ್ಕೆ ಎಷ್ಟು ಹತ್ತಿರವೆಂದು ಅಳೆಯುವ ತ್ರಾಣ ಅಂದು ನನ್ನಲ್ಲಿರಲಿಲ್ಲ. ಕಾಲು ಮಾತ್ರ ತನ್ನ ವರದಿಯನ್ನು ಸ್ಪಷ್ಟವಾಗಿ ಒಪ್ಪಿಸಿತ್ತು.

ಉಳಿದ ದಾರಿಯ ಬಹುಭಾಗವನ್ನು ಸೈಕಲ್ ತಳ್ಳಿಕೊಂಡು ನಡೆದೆ. ಘಾಟಿಯ ಚಂಡಿಕಾಂಬಾ ಗುಡಿಯ ಮುಂದೆ ಲಾರಿಯವರು, ಬಸ್ಸಿನವರು ನಿಲ್ಲಿಸಿ ಕೈಮುಗಿದು ಹೋಗುತ್ತಿದ್ದರು. ಅವರ ಜೊತೆಗೆ ನಾನೂ ಕೈಮುಗಿದೆ. ಸಕಾರಣವಾಗಿಯೇ.

ನಡೆದದ್ದರಿಂದ ಒಂದು ಲಾಭವಾಯಿತು. ಇಷ್ಟು ವರ್ಷ ಬಸ್ಸು ಜೀಪುಗಳಲ್ಲಿ ಓಡಾಡಿದ ಘಟ್ಟಗಳನ್ನು ಕಾಲ್ನಡಿಗೆಯ ವೇಗದಲ್ಲಿ ನೋಡುವಂತಾಯಿತು. ನಮ್ಮ ಕಡೆ ರಸ್ತೆಗಾಗಿ ಕಡಿದ ಮಣ್ಣಿನ ಗೋಡೆಗೆ ಧರೆ ಎನ್ನುತ್ತೇವಲ್ಲವೇ? ಆ ಐದು ದಿನಗಳಲ್ಲಿ ನಾನು ಧರೆಗಳನ್ನು ಓದುತ್ತ ಹೋದೆ. ಕೆಲವು ಕಡೆ ಧರೆ ಹಿಂದಕ್ಕೆ ಒರಗಿದಂತೆ ಇತ್ತು. ಮೈತುಂಬ ಜರೀಗಿಡ, ಹಾವಸೆ. ಅಂಥಲ್ಲಿ ಕಲ್ಲಿನ ತಡೆಗೋಡೆಯ ಕಿಂಡಿಗಳಿಂದ ಜನವರಿಯಲ್ಲೂ ನೀರು ಹನಿಯುತ್ತಿತ್ತು. ಮತ್ತೆ ಕೆಲವು ಕಡೆ ಯಂತ್ರದ ಹಲ್ಲಿನ ಗುರುತು ಮಾಸದ ನೆಟ್ಟನೆಯ ಕೆಂಪು ಗೋಡೆ. ಮೇಲಂಚಿನಲ್ಲಿ ಅರ್ಧ ಬೇರು ಗಾಳಿಯಲ್ಲಿ ತೂಗುವ ಮರ. ಒಂದು ಜಾಗದಲ್ಲಂತೂ ಕಡಿದ ಮಣ್ಣನ್ನು ಪಕ್ಕದ ಕೊರಕಲಿಗೇ ಸುರಿದು, ಅದರಡಿಯ ಮೋರಿಯ ಬಾಯಿ ಮುಚ್ಚಿಹೋಗಿತ್ತು. ಅದು ಯಾವ ಘಟ್ಟವೆಂದು ಹೆಸರಿಸುವುದಿಲ್ಲ. ಮಲೆನಾಡಿನವರಿಗೆ ಇಂಥ ಜಾಗಗಳ ವಿಳಾಸ ಬೇಕಾಗಿಲ್ಲ.

ಬ್ರೇಕು ಇಲ್ಲದ ಸವಾರ

ಎರಡನೆಯ ದಿನ ಪಂದ್ಯವಿಲ್ಲದ ದಿನ. ತೀರ್ಥಹಳ್ಳಿಯಿಂದ ಆಗುಂಬೆಗೆ ಬಂದು ಹದಿನಾಲ್ಕು ತಿರುವುಗಳ ಇಳಿಜಾರಿನ ಮುಂದೆ ನಿಂತೆವು. ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರದ ಆಗುಂಬೆಯಿಂದ ಸೋಮೇಶ್ವರದ ತಪ್ಪಲಿಗೆ ದಾರಿ ನೇರವಾಗಿ ಧುಮುಕುವಂತೆ ಕಾಣುತ್ತದೆ.

ಇಳಿಜಾರಿನಲ್ಲಿ ಪಂದ್ಯ ಬೇಡವೆಂದು ಪಟ್ಟು ಹಿಡಿದವರು ನಮ್ಮ ಅಂಚೆಯವರು. ಕಾರಣವನ್ನು ಅಂದು ಕೈಯಾರೆ ಅರಿತೆ. ಗಂಟೆಗೆ 20 ಕಿಲೋಮೀಟರು ವೇಗದಲ್ಲಿದ್ದಾಗ ಬ್ರೇಕು ಹಿಡಿದರೆ ಸೈಕಲ್ಲು ಎಷ್ಟು ದೂರದಲ್ಲಿ ನಿಲ್ಲುವುದೋ, 40 ಕಿಲೋಮೀಟರು ವೇಗದಲ್ಲಿ ಅದರ ನಾಲ್ಕರಷ್ಟು ದೂರ ಬೇಕಾಗುತ್ತದೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಈ ಸೂತ್ರವನ್ನು ನೀವು ಶಾಲೆಯಲ್ಲಿ ಬರೆದಿದ್ದೀರಿ, ನಾನೂ ಬರೆದಿದ್ದೇನೆ. ಆದರೆ ತಿರುವಿನಲ್ಲಿ ಎದುರಿಗೆ ಮಿನಿ ಬಸ್ಸೊಂದು ಬಂದು, ಎರಡೂ ಕೈಯ ಬೆರಳುಗಳು ಬ್ರೇಕಿನ ಮೇಲೆ ಬಿಳುಚಿಕೊಂಡಾಗಲೇ ಅದರ ಅರ್ಥ ಆಯಿತು. ಆ ಬಳಿಕ ಪ್ರತಿ ಎರಡು ತಿರುವಿಗೊಮ್ಮೆ ನಿಂತು, ಚಕ್ರದ ಅಂಚನ್ನು ಮುಟ್ಟಿ ನೋಡಿ, ಬಿಸಿ ಆರಿದ ಮೇಲೆ ಹೊರಟೆ.

ಹಾಗೆ ನಿಂತಾಗ ಯೋಚನೆ ನನ್ನ ಕಸುಬಿನ ಕಡೆಗೆ ತಿರುಗಿತು. ಇದೇ ಆಗುಂಬೆಯ ಮೇಲೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಒಂದು ಹೆಕ್ಟೇರಿನ ಮೇಲೆ 100 ಮಿಲಿಮೀಟರು ಮಳೆ ಬಿದ್ದರೆ ಅದು 10 ಲಕ್ಷ ಲೀಟರು ನೀರು, ಒಂದು ಸಾವಿರ ಟನ್ ತೂಕ. ನಾನು 85 ಕಿಲೋ. ಅದು ಸಾವಿರ ಟನ್. ನಾವಿಬ್ಬರೂ ಇಳಿಯುವುದು ಅದೇ ಗುಡ್ಡವನ್ನೇ. ಎತ್ತರದಿಂದ ಇಳಿಯುವ ನೀರಿನ ಬಲ ಎಷ್ಟೆಂಬುದಕ್ಕೆ ಹಿಂದಿನ ದಿನ ನಾವು ಹಾದುಬಂದ ಹೊಸಂಗಡಿಯೇ ಸಾಕ್ಷಿ. ಅಲ್ಲಿನ ಭೂಗರ್ಭ ವಿದ್ಯುದಾಗಾರದಲ್ಲಿ ವಾರಾಹಿಯ ನೀರು 460 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ.

ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದರ ಕೊರೆಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದು ಉರುಳಿಸಿಕೊಂಡು ಹೋಗಬಲ್ಲ ಕಲ್ಲಿನ ತೂಕವಂತೂ 64 ಪಟ್ಟಿನವರೆಗೆ ಏರಬಲ್ಲುದು ಎಂಬುದು ಮಣ್ಣು ವಿಜ್ಞಾನದ ಹಳೆಯ ಪಾಠ. ನನ್ನ ಕೈಯಲ್ಲಿ ಬ್ರೇಕು ಇತ್ತು. ನೀರಿನ ಬ್ರೇಕು ಯಾವುದು? ಮರದ ಬೇರು, ನೆಲದ ಮೇಲಿನ ತರಗೆಲೆ, ಹುಲ್ಲಿನ ಬುಡ, ತೋಟದ ಬಸಿಗಾಲುವೆ, ಮೆಟ್ಟಿಲು ಮೆಟ್ಟಿಲಾದ ಗದ್ದೆ. ಗುಡ್ಡದ ಮೈಯಿಂದ ಇವನ್ನು ಕಿತ್ತು ಹಾಕುವುದೆಂದರೆ ಘಾಟಿಯ ನೆತ್ತಿಯಲ್ಲಿ ನಿಂತ ಲಾರಿಯ ಬ್ರೇಕನ್ನು ಕಳಚಿದಂತೆ.

ಗಡಿಯಾರ ನಿಂತ ಹಾದಿ

ಮೂರನೆಯ ದಿನ ಮಾಳದ ಏರು. ಈ ಬಾರಿ ನಾನು ಅಡಿಕೆ ಬೆಳೆಗಾರರ ಹಿಂದೆಯೇ ಉಳಿದೆ. ಹಗುರ ಗೇರು, ಒಂದೇ ಲಯ, ಮಾತಿಲ್ಲ. ಬೆವರು ಮೂಗಿನ ತುದಿಯಿಂದ ಹ್ಯಾಂಡಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಏರಿನಲ್ಲಿ ಮನಸ್ಸು ಬಹಳ ಚಿಕ್ಕದಾಗುತ್ತದೆ; ಮುಂದಿನ ತಿರುವು, ಅದರಾಚೆಗಿನ ಮೋರಿ, ಅಷ್ಟೇ ಲೋಕ. ಕಾಲು ಈ ಸಲ ಹಿಡಿದುಕೊಳ್ಳಲಿಲ್ಲ. ಉದ್ಯಾನದ ತಪಾಸಣೆ ಕಟ್ಟೆ ಮುಟ್ಟುವ ಮೊದಲೇ ಗಡಿಯಾರ ನಿಲ್ಲಿಸಿ, ಅಲ್ಲಿಂದ ಮುಂದೆ ಐವರೂ ಸಾಲಾಗಿ ಹೊರಟೆವು.

ಎಸ್.ಕೆ. ಬಾರ್ಡರ್ ದಾಟಿದ ಮೇಲೆ ಶೋಲಾ ಕಾಡು, ಹುಲ್ಲುಗಾವಲುಗಳ ಬೆಟ್ಟಸಾಲು ತೆರೆದುಕೊಳ್ಳುತ್ತದೆ. ತುಂಗೆ, ಭದ್ರೆ, ನೇತ್ರಾವತಿಯರ ಮೂಲವೆಂದು ನಾವು ನಂಬಿಕೊಂಡು ಬಂದ ಗಂಗಾಮೂಲ ಈ ದಾರಿಯ ಬದಿಯಲ್ಲೇ ಇದೆ. ಮಳೆ ನಿಂತು ತಿಂಗಳುಗಳಾಗಿದ್ದರೂ ತೊರೆಗಳಲ್ಲಿ ನೀರು ಹರಿಯುತ್ತಿತ್ತು. ಹುಲ್ಲಿನ ಬೇರುಜಾಲ ಮತ್ತು ಶೋಲಾದ ಕಪ್ಪು ಮಣ್ಣು ಮಳೆಗಾಲದ ನೀರನ್ನು ಕುಡಿದಿಟ್ಟುಕೊಂಡು ಬೇಸಗೆಯವರೆಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಹಿಂದಿನ ದಿನ ನಾನು ಹೇಳಿಕೊಂಡ ಬ್ರೇಕು ಕೆಲಸ ಮಾಡುವುದನ್ನು ಕಣ್ಣಾರೆ ಕಂಡಂತಾಯಿತು.

ಮುಂದೆ ಕುದುರೆಮುಖದ ಗಣಿಪಟ್ಟಣ. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಡಿಸೆಂಬರ್ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಆ ಹೋರಾಟದ ಕಾಲದಲ್ಲಿ ನಿಮ್ಮ ವಯಸ್ಸಿನವನಾಗಿದ್ದ ನನಗೆ ಆ ದಿನದ ಸಂತೋಷ ಇನ್ನೂ ನೆನಪಿದೆ. ಆದರೆ ಗಣಿಯ ಹೂಳನ್ನು ತಡೆದ ಲಕ್ಯಾ ಅಣೆಕಟ್ಟು, ಕಡಿದ ಬೆಟ್ಟದ ಮೈ ಅಲ್ಲಿಯೇ ಇವೆ. ಕೆಲಸ ನಿಲ್ಲಿಸಿದ ಮಾತ್ರಕ್ಕೆ ಗುಡ್ಡ ಮೊದಲಿನಂತಾಗುವುದಿಲ್ಲ. ನನ್ನ ಕಾಲಿನ ನೋವು ಎರಡು ದಿನಕ್ಕೆ ಇಳಿಯಿತು. ಗುಡ್ಡದ ಗಾಯಕ್ಕೆ ತಲೆಮಾರುಗಳು ಬೇಕು.

ಕೊಟ್ಟಿಗೆಹಾರದ ಪ್ರಶ್ನೆ

ನಾಲ್ಕನೆಯ ದಿನ ಕಳಸದಿಂದ ಏರಿಳಿಯುತ್ತ ಕೊಟ್ಟಿಗೆಹಾರ ತಲುಪಿದಾಗ ಹಸಿವೆಯಿಂದ ಕಣ್ಣು ಕತ್ತಲಿಡುತ್ತಿತ್ತು. ಅಲ್ಲಿನ ನೀರುದೋಸೆಯ ಖ್ಯಾತಿ ನಿಮಗೆ ಗೊತ್ತು. ಒಂದು ಚಿಕ್ಕ ಹೋಟೆಲಿನಲ್ಲಿ ದೋಸೆಯ ಮೇಲೆ ದೋಸೆ ತಿನ್ನುತ್ತ, ನಮ್ಮ ನಮ್ಮಲ್ಲಿ ರಸ್ತೆ ಅಗಲೀಕರಣದ ವಿಷಯ ಮಾತನಾಡುತ್ತಿದ್ದೆವು. ನಾನು ಎಂದಿನಂತೆ, ಘಟ್ಟದಲ್ಲಿ ಒಂದು ಗುದ್ದಲಿಯೂ ಬೀಳಬಾರದು ಎಂದು ಉಪನ್ಯಾಸ ಕೊಡುತ್ತಿದ್ದೆ. ದೋಸೆ ಹಾಕುತ್ತಿದ್ದ ಹೆಂಗಸು ಕೇಳಿದರು:

“ನೀವು ರಸ್ತೆ ಬೇಡ ಅನ್ನೋರಾ ಸಾರ್?”

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು: “ನೀವು ಸೈಕಲಲ್ಲಿ ಘಾಟಿ ಹತ್ತೋದು ಖುಷಿಗೆ. 2019ರಲ್ಲಿ ಘಾಟಿ ಕುಸಿದು ರಸ್ತೆ ಮುಚ್ಚಿದಾಗ ನಮ್ಮತ್ತೆಯನ್ನ ಮಂಗಳೂರು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು. ಎಲ್ಲೆಲ್ಲೋ ಸುತ್ತಿ ಬಳಸಿ ಹೋದ್ವಿ. ಅರ್ಧ ದಾರೀಲಿ ಅವರು ‘ಸಾಕು, ಮನೆಗೆ ವಾಪಸ್ ಕರ್ಕೊಂಡು ಹೋಗಿ’ ಅಂದ್ರು. ರಸ್ತೆ ಬೇಡ ಅನ್ನೋರು ಆಗ ಯಾರೂ ಈ ಕಡೆ ಬರ್ಲಿಲ್ಲ.”

ನನ್ನ ಬಾಯಲ್ಲಿದ್ದ ತುತ್ತು ಒಳಗಿಳಿಯಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ ಮೆತ್ತಗೆ ಹೇಳಿದರು: “ಅಗಲ ಆದ್ರೂ ಸರಿ, ಆಗ್ದಿದ್ರೂ ಸರಿ. ಮಳೆಗಾಲದಲ್ಲಿ ನಿಂತಿರ್ಬೇಕು ಸಾರ್. ಅಷ್ಟೇ.”

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದು ಸಂಚಾರ ನಿಂತದ್ದನ್ನು ನಾನು ಬಲ್ಲೆ. ಅದರ ಬಗ್ಗೆ ಲೇಖನವನ್ನೂ ಬರೆದಿದ್ದೆ. ಆ ಲೇಖನದಲ್ಲಿ ಮಣ್ಣಿನ ಪದರಗಳಿದ್ದವು, ಮಳೆಯ ಅಳತೆ ಇತ್ತು. ಅರ್ಧ ದಾರಿಯಲ್ಲಿ ಮನೆಗೆ ಹಿಂದಿರುಗೋಣವೆಂದ ಆ ವೃದ್ಧೆ ಇರಲಿಲ್ಲ.

ಅಂದು ಚಾರ್ಮಾಡಿ ಇಳಿಯುವಾಗ ನಾವು ಯಾರೂ ಹೆಚ್ಚು ಮಾತನಾಡಲಿಲ್ಲ. ನನಗೆ ಇನ್ನೊಂದು ಚಹಾದಂಗಡಿಯ ನೆನಪು ಬರುತ್ತಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದಾಗ ರಸ್ತೆಯಂಚಿನ ಚಹಾದಂಗಡಿಯೂ, ಅದನ್ನು ನಡೆಸುತ್ತಿದ್ದ ಕುಟುಂಬವೂ, ಅಲ್ಲಿ ನಿಂತಿದ್ದವರೂ ಮಣ್ಣಿನೊಡನೆ ಗಂಗಾವಳಿ ನದಿಯ ಕಡೆಗೆ ಕೊಚ್ಚಿಹೋದರು. ಅದು ನಾಲ್ಕು ಪಥಗಳ ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. 2018ರ ಆಗಸ್ಟಿನಲ್ಲಿ ಕೊಡಗು ಕಂಡದ್ದೂ ನಮ್ಮ ನೆನಪಿನಲ್ಲಿದೆ. ವಿಪರೀತ ಮಳೆ ಈ ಎಲ್ಲಕ್ಕೂ ಸಮಾನ ಕಾರಣ. ಆದರೆ ಮಳೆಯನ್ನು ತಾಳಿಕೊಳ್ಳುವ ಗುಡ್ಡಕ್ಕೂ ತಾಳಿಕೊಳ್ಳದ ಗುಡ್ಡಕ್ಕೂ ನಡುವೆ ಹಲವೆಡೆ ನಮ್ಮ ಕೈವಾಡವಿದೆ.

ಒಂದು ಕಡೆ, ರಸ್ತೆ ಮುಚ್ಚಿದ್ದರಿಂದ ಆಸ್ಪತ್ರೆ ತಲುಪಲಾರದವರು. ಇನ್ನೊಂದು ಕಡೆ, ರಸ್ತೆಗಾಗಿ ಕಡಿದ ಗುಡ್ಡದ ಕೆಳಗೆ ಸಿಕ್ಕಿಕೊಂಡವರು. ಇವರಿಬ್ಬರೂ ಎದುರು ಪಕ್ಷದವರೆಂದು ನಾನು ತಿಳಿದಿದ್ದೆ. ಅಂದು ಇಳಿಜಾರಿನಲ್ಲಿ ಬ್ರೇಕು ಹಿಡಿದು ಸಾಗುವಾಗ ತಿಳಿಯಿತು, ಇಬ್ಬರೂ ಕೇಳುತ್ತಿರುವುದು ಒಂದನ್ನೇ: ಮಳೆಗಾಲದಲ್ಲಿ ನಿಂತಿರುವ ರಸ್ತೆ.

ಐವತ್ತಕ್ಕೆ ಒಂದು

ಕೊನೆಯ ದಿನ ಸುಬ್ರಹ್ಮಣ್ಯದ ಬಳಿ ಕುಲ್ಕುಂದದಿಂದ ಬಿಸಿಲೆಯ ಏರು. ನೆತ್ತಿಗೂಡಿದ ಕಾಡಿನ ನೆರಳು, ಒದ್ದೆ ಎಲೆಯ ವಾಸನೆ. ಐದು ದಿನಗಳ ದಣಿವು ಮೂಳೆಗಿಳಿದಿತ್ತು. ಆದರೂ ನಾನು ಒಮ್ಮೆಯೂ ಇಳಿಯದೆ ಹತ್ತಿದೆ. ವೇಗದಿಂದಲ್ಲ; ತಾಳ್ಮೆಯಿಂದ. ಬಿಸಿಲೆಯ ವೀಕ್ಷಣಾ ಸ್ಥಳದಲ್ಲಿ ಎದುರಿನ ಕುಮಾರಪರ್ವತದ ಸಾಲನ್ನು ನೋಡುತ್ತ ಉಳಿದ ನಾಲ್ವರೂ ನನಗಾಗಿ ಕಾಯುತ್ತಿದ್ದರು. ವಿದ್ಯಾರ್ಥಿ ಗೆದ್ದಿದ್ದ. ವ್ಯಾಯಾಮ ಶಿಕ್ಷಕರು ಎರಡನೆಯವರು. ಮೂರನೆಯ ಸ್ಥಾನ ಅರವತ್ತು ದಾಟಿದ ಅಡಿಕೆ ಬೆಳೆಗಾರರಿಗೆ. ಬಾಳೆಬರೆಯಲ್ಲಿ ನಾನು ಕಳೆದುಕೊಂಡ ಸಮಯವನ್ನು ಉಳಿದೆರಡು ಏರುಗಳಲ್ಲಿ ತುಂಬಿಕೊಳ್ಳಲು ಆಗಲೇ ಇಲ್ಲ. ಮೊದಲ ಅರ್ಧ ಗಂಟೆಯ ಅವಸರಕ್ಕೆ ಐದು ದಿನಗಳ ದಂಡ.

ಈ ಘಟ್ಟಸಾಲಿನಲ್ಲೇ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ರೈಲು ಹಳಿ ಇದೆ. ಐವತ್ತು ಮೀಟರು ಸಾಗಿದರೆ ಒಂದು ಮೀಟರು ಏರು. ಅದಕ್ಕಿಂತ ಕಡಿದಾದರೆ ರೈಲಿಗೆ ಕಷ್ಟ. ಆ ಒಂದು ಅಳತೆಯನ್ನು ಕಾಪಾಡಲು 57 ಸುರಂಗಗಳನ್ನು ಕೊರೆದು, ಕಣಿವೆ ಕಣಿವೆಗೂ ಸೇತುವೆ ಕಟ್ಟಿ, ಸುಮಾರು 55 ಕಿಲೋಮೀಟರು ಹಳಿ ಹಾಕಿದರು. 1979ರಲ್ಲಿ ಈ ಮಾರ್ಗ ಆರಂಭವಾಯಿತು. ಇಷ್ಟು ಸೌಮ್ಯವಾದ ಏರಿನ ದಾರಿಯೂ 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಬಳಿ ಹಳಿಯಡಿಯ ಮಣ್ಣು ಜಾರಿ ಕೆಲವು ದಿನ ನಿಂತುಹೋಯಿತು. ಏರನ್ನು ಕಡಮೆ ಮಾಡಿದರೆ ಸಾಲದು, ನೀರಿಗೂ ದಾರಿ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ನಮ್ಮ ರಸ್ತೆ

ಬಂಧುಗಳೇ, ಈಗ ನಮ್ಮೂರಿನ ರಸ್ತೆಗೆ ಬರುತ್ತೇನೆ. ಕಳೆದ ವರ್ಷ ಇದೇ ಜಾಗದಲ್ಲಿ ನಿಂತು ನಾನು, ಅಗಲೀಕರಣವೇ ಬೇಡ ಎಂದಿದ್ದೆ. ಆ ಮಾತನ್ನು ಇಂದು ತಿದ್ದಿಕೊಳ್ಳುತ್ತೇನೆ. ರಸ್ತೆ ಬೇಕೇ ಬೇಡವೇ ಎಂಬ ಪ್ರಶ್ನೆಯ ಸುತ್ತ ನಾವು ಜಗಳವಾಡುತ್ತಿರುವಾಗ, ಎಂಥ ರಸ್ತೆ ಎಂಬ ಪ್ರಶ್ನೆಯನ್ನು ಕೇಳುವವರೇ ಇಲ್ಲದಂತಾಗಿದೆ. ನಾವು ಮೌನವಾಗಿ ಒಪ್ಪಿದರೂ, ಮಾತಿಲ್ಲದೆ ವಿರೋಧಿಸಿದರೂ ಆ ಪ್ರಶ್ನೆಗೆ ಉತ್ತರ ಬರೆಯುವುದು ಯಂತ್ರದ ಹಲ್ಲು.

ಆದುದರಿಂದ ನಮ್ಮ ಮನವಿಯಲ್ಲಿ ನಾಲ್ಕು ಷರತ್ತುಗಳಿರಲಿ ಎಂದು ಸೂಚಿಸುತ್ತೇನೆ. ಧರೆಯನ್ನು ನೆಟ್ಟಗೆ ಕಡಿಯಬಾರದು. ಮಣ್ಣಿನ ಗುಣ ನೋಡಿ ಒರಗಿಸಿ, ಎತ್ತರವಿದ್ದಲ್ಲಿ ಮೆಟ್ಟಿಲು ಮಾಡಬೇಕು. ಗಟ್ಟಿ ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಇರುವ ಕಡೆ ಇದು ಇನ್ನೂ ಮುಖ್ಯ. ಒಣಗಿದಾಗ ಗಟ್ಟಿಯಾಗಿ ಕಾಣುವ ಆ ಮಣ್ಣು ನೀರು ಕುಡಿದರೆ ತನ್ನ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಎರಡನೆಯದಾಗಿ, ಮಳೆಗಾಲದಲ್ಲಿ ಹರಿಯುವ ಪ್ರತಿಯೊಂದು ಹಳ್ಳಕ್ಕೂ ಮೋರಿ ಬೇಕು, ಧರೆಯ ಮೇಲ್ಭಾಗದಲ್ಲಿ ನೀರನ್ನು ಅಡ್ಡ ತಿರುಗಿಸುವ ಚರಂಡಿ ಬೇಕು. ಮೂರನೆಯದು, ಕಡಿದ ಮಣ್ಣನ್ನು ಕೊರಕಲಿಗೆ ಸುರಿಯಬಾರದು. ನಾಲ್ಕನೆಯದು, ಮಳೆಗಾಲಕ್ಕೆ ಮುಂಚೆ ಮುಗಿಸಲಾಗದ ಕಡಿತವನ್ನು ಆ ವರ್ಷ ಆರಂಭಿಸಲೇಬಾರದು. ಇವನ್ನು ಒಪ್ಪದ ಕೆಲಸವನ್ನು ನಾವು ತಡೆಯಬೇಕು. ಆಗ ನಮ್ಮ ಜೊತೆಗೆ ಕೊಟ್ಟಿಗೆಹಾರದ ಆ ತಾಯಿಯಂಥವರೂ ನಿಲ್ಲುತ್ತಾರೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕಕ್ಕೆ ಒಂದು ದಾರ ಕಟ್ಟಿ, ತುದಿಗೆ ಪುಟ್ಟ ಕಲ್ಲು ತೂಗಿಬಿಡಿ. ಇಳಿಜಾರು ಅಳೆಯುವ ಉಪಕರಣ ಸಿದ್ಧ. ಸೈಕಲ್ ಹತ್ತಿ ನಮ್ಮ ಘಟ್ಟದ ರಸ್ತೆಯಲ್ಲಿ ಹೋಗಿ. ಎಷ್ಟು ಮೋರಿಗಳಿವೆ, ಎಷ್ಟರ ಬಾಯಿ ಮುಚ್ಚಿದೆ, ಯಾವ ಧರೆ ನೆಟ್ಟಗಿದೆ, ಎಲ್ಲಿ ಮರ ವಾಲಿದೆ, ಎಲ್ಲಿ ನೆಲ ಬಿರಿದಿದೆ ಎಂದು ಬರೆದುಕೊಳ್ಳಿ. ಹಿಂದೆ ಹಳ್ಳ ಎಲ್ಲಿ ಹರಿಯುತ್ತಿತ್ತೆಂದು ಊರಿನ ಹಿರಿಯರನ್ನು ಕೇಳಿ. ಅವರಿಗೆ ನೆನಪಿರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಈ ಪಟ್ಟಿಯನ್ನು ಮೇ ತಿಂಗಳ ಒಳಗೆ ಗ್ರಾಮ ಪಂಚಾಯಿತಿಗೂ ರಸ್ತೆಯ ಇಲಾಖೆಗೂ ಕೊಡೋಣ. ಮುಚ್ಚಿದ ಮೋರಿಗಳಲ್ಲಿ ನಮ್ಮ ಕೈಗೆ ಎಟಕುವವನ್ನು ಶ್ರಮದಾನದಿಂದ ನಾವೇ ಬಿಡಿಸೋಣ.

ಕಾರಿನಲ್ಲಿ ಹೋಗಬೇಡಿ. ಕಾರಿಗೆ ಏರು ಗೊತ್ತಾಗುವುದಿಲ್ಲ. ಬೆಟ್ಟದ ಲೆಕ್ಕವನ್ನು ಮರೆತವನಿಗೆ ದೇಹ ಅಲ್ಲಿಯೇ, ಆಗಲೇ ದಂಡ ಹಾಕುತ್ತದೆ. ಗುಡ್ಡ ಹಾಗಲ್ಲ, ಹಲವು ಮಳೆಗಾಲ ಸುಮ್ಮನಿದ್ದು, ಕೊನೆಗೊಂದು ದಿನ ಒಟ್ಟಿಗೆ ವಸೂಲು ಮಾಡುತ್ತದೆ. ಆ ದಂಡವನ್ನು ತೆರುವವರು ಕಡಿದವರಲ್ಲ. ಕೆಳಗೆ ದೋಸೆ ಹಾಕುತ್ತ, ಚಹಾ ಕಾಸುತ್ತ ಕುಳಿತವರು.

ಬರುವ ಭಾನುವಾರ ಬೆಳಗ್ಗೆ ಆರು ಗಂಟೆಗೆ ಶಾಲೆಯ ಮುಂದೆ ಸೇರೋಣ. ಅಡಿಕೆ ಬೆಳೆಗಾರರೂ ಬರುತ್ತೇನೆಂದು ಒಪ್ಪಿದ್ದಾರೆ. ಅವರಿಗಿಂತ ಮುಂದೆ ಹೋಗಲು ಯಾರೂ ಆತುರಪಡಬೇಡಿ.